ಮೂರು ಗೇರು, ಮಲೆನಾಡಿನ ಏರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಿಗೆ ಹೋದರೆ ಕೊಟ್ಟಿಗೆಯ ಪಕ್ಕದ ಮಾಡಿನಡಿ ಹಳೆಯ ಜೀಪೊಂದು ನಿಂತಿರುವುದನ್ನು ನೀವು ನೋಡಿರಬಹುದು. ಹಿಂದಿನ ಸೀಟುಗಳನ್ನು ಎಂದೋ ಕಿತ್ತು, ಅಲ್ಲಿಗೆ ಹಲಗೆ ಬಡಿದು, ಹಿಂಬಾಗಿಲನ್ನು ಸರಪಳಿಗೆ ತೂಗಿಬಿಟ್ಟು ಅದನ್ನು ಪಿಕಪ್ ಮಾಡಿಕೊಂಡಿರುತ್ತಾರೆ. ಗೊಬ್ಬರದ ಮೂಟೆ, ಹಸಿ ಅಡಿಕೆ ಕೊನೆ, ಭತ್ತದ ಹುಲ್ಲು, ಮದುವೆ ಮನೆಯ ಹಂಡೆ, ಆಸ್ಪತ್ರೆಗೆ ಹೋಗಬೇಕಾದ ಬಸುರಿ ಎಲ್ಲವನ್ನೂ ಹೊತ್ತ ಗಾಡಿ ಅದು. ಆಮೇಲೆ ಕಾರು ಬಂತು, ಹೊಸ ಪಿಕಪ್ ಬಂತು, ಜೀಪು ಮೂಲೆ ಸೇರಿತು. ಬಾನೆಟ್ಟಿನ ಮೇಲೆ ಕೋಳಿ ಕೂತಿತು.

ಈಗ ಮೊಮ್ಮಕ್ಕಳು ಅದನ್ನು ಮತ್ತೆ ಓಡಿಸುವ ಉಮೇದಿನಲ್ಲಿದ್ದಾರೆ. ಎಂಜಿನ್ ಬಿಚ್ಚುತ್ತಾರೆ, ಟಯರ್ ಹುಡುಕುತ್ತಾರೆ, ಹುಡ್ ಹೊಲಿಸುತ್ತಾರೆ. ಆಗ ಎದುರಾಗುವ ಪ್ರಶ್ನೆ ಗೇರ್ ಬಾಕ್ಸಿನದು. ಮೂಲದ ಮೂರು ಗೇರಿನ ಪೆಟ್ಟಿಗೆಯನ್ನೇ ಉಳಿಸಿಕೊಳ್ಳುವುದೋ, ನಾಲ್ಕು ಗೇರಿನದನ್ನು ಹಾಕುವುದೋ, ಐದರದ್ದೇ ಇರಲಿ ಎನ್ನುವುದೋ? ಗ್ಯಾರೇಜಿನ ಮುಂದೆ ಈ ಬಗ್ಗೆ ನಡೆಯುವ ಚರ್ಚೆ ಜಾತಕ ಕೂಡಿಸುವ ಚರ್ಚೆಗಿಂತ ಕಡಿಮೆ ಗಂಭೀರವೇನಲ್ಲ. ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ವಾದ ಒಂದೇ: ಗೇರು ಹೆಚ್ಚಾದಷ್ಟೂ ಒಳ್ಳೆಯದು. ಅದು ಅರ್ಧ ನಿಜ. ಉಳಿದ ಅರ್ಧ ತಿಳಿಯಬೇಕಾದರೆ ಈ ಪೆಟ್ಟಿಗೆ ಯಾವ ನೆಲಕ್ಕಾಗಿ ಹುಟ್ಟಿತು, ಯಾವ ನೆಲಕ್ಕೆ ಬಂದು ಬಿತ್ತು ಎಂಬುದನ್ನು ನೋಡಬೇಕು.

ನನ್ನ ಆಸಕ್ತಿಗೂ ಒಂದು ಕಾರಣವುಂಟು. ನಾನು ಗಾಡಿ ಕಲಿತದ್ದು ದೊಡ್ಡಪ್ಪನ ಮನೆಯ ಇಂಥದೇ ಜೀಪಿನಲ್ಲಿ. ಅಂಗಳಕ್ಕೆ ಬರುವ ಮೊದಲು ಒಂದು ತಿರುವು, ತಿರುವಿನಲ್ಲೇ ಏರು, ಒಂದು ಕಡೆ ಧರೆ, ಇನ್ನೊಂದು ಕಡೆ ತೋಟ. ಎರಡನೇ ಗೇರಿನಲ್ಲಿ ಬಂದೆ. ಜೀಪು ಏದುಸಿರು ಬಿಡತೊಡಗಿತು. ಒಂದನೇ ಗೇರಿಗೆ ಎಳೆದೆ. ಗೇರ್ ಬಾಕ್ಸು ಕರಕರ ಹಲ್ಲು ಕಡಿಯಿತೇ ಹೊರತು ಗೇರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜೀಪು ನಿಂತಿತು, ನಿಂತದ್ದು ಹಿಂದಕ್ಕೆ ಜಾರತೊಡಗಿತು. ಪಕ್ಕದಲ್ಲಿದ್ದ ದೊಡ್ಡಪ್ಪ ಕೈಬ್ರೇಕ್ ಎಳೆದರು. ಆ ಕೈಬ್ರೇಕು ಇವತ್ತಿನ ಕಾರುಗಳಂತೆ ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಗೇರ್ ಬಾಕ್ಸಿನ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ ಇದೆ, ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿದು ನಿಲ್ಲಿಸುತ್ತದೆ. ತೋಟಕ್ಕೆ ಉರುಳದೆ ಉಳಿದದ್ದು ಆ ಡ್ರಮ್ಮಿನಿಂದ.

ತಪ್ಪು ನನ್ನದೇ ಎಂದು ಅಂದು ಎಲ್ಲರೂ ನಕ್ಕರು. ಆಮೇಲೆ ಓದಿದಾಗ ತಿಳಿಯಿತು, ಪೂರ್ತಿ ನನ್ನದಲ್ಲ.

ಗೇರು ಎಂದರೆ ಮೂಲತಃ ಹಾರೆಯ ಲೆಕ್ಕ. ಉದ್ದನೆಯ ಹಾರೆಯಿಂದ ಮೀಟಿದರೆ ದೊಡ್ಡ ಬಂಡೆಯೂ ಅಲುಗುತ್ತದೆ, ಆದರೆ ಕೈ ಮೊಳದಷ್ಟು ಸರಿದರೆ ಕಲ್ಲು ಬೆರಳಿನಷ್ಟು ಸರಿಯುತ್ತದೆ. ಎಂಜಿನ್ನು ಹಲವು ಸುತ್ತು ತಿರುಗಿ ಚಕ್ರವನ್ನು ಒಂದೇ ಸುತ್ತು ತಿರುಗಿಸಿದರೆ ಬಲ ಹೆಚ್ಚು, ವೇಗ ಕಡಿಮೆ. ಎಷ್ಟು ಸುತ್ತಿಗೆ ಒಂದು ಸುತ್ತು ಎಂಬುದೇ ಗೇರಿನ ಅನುಪಾತ. ಜೀಪಿನಲ್ಲಿ ಈ ಹಾರೆ ಮೂರು ಕಡೆ ಇದೆ: ಗೇರ್ ಬಾಕ್ಸು, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸು, ಕೊನೆಗೆ ಆಕ್ಸಲಿನ ಕ್ರೌನ್-ಪಿನಿಯನ್. ಮೂರನ್ನೂ ಗುಣಿಸಿದರೆ ಸಿಗುವುದೇ ಗಾಡಿಯ ನಿಜವಾದ ಶಕ್ತಿ. ಪೆಟ್ಟಿಗೆಯಲ್ಲಿ ಎಷ್ಟು ಗೇರಿದೆ ಎಂದಷ್ಟೇ ಎಣಿಸುವವರು ಮರೆಯುವುದು ಈ ಗುಣಾಕಾರವನ್ನು.

ಜೀಪು ಹುಟ್ಟಿದ್ದು ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಬಾಂಟಮ್, ವಿಲ್ಲೀಸ್, ಫೋರ್ಡ್ ಮೂರೂ ಮಾದರಿ ಮಾಡಿಕೊಟ್ಟವು. ಕೊನೆಗೆ ಗೆದ್ದದ್ದು ವಿಲ್ಲೀಸ್ ಎಂಬಿ. ವಿಲ್ಲೀಸ್ ಮತ್ತು ಫೋರ್ಡ್ ಸೇರಿ 1945ರ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಅದರ ಎಂಜಿನ್ 2,199 ಸಿಸಿಯದು, 60 ಅಶ್ವಶಕ್ತಿಯದು. ಗೇರ್ ಬಾಕ್ಸು ವಾರ್ನರ್ ಗೇರ್ ಕಂಪನಿಯ ಮೂರು ವೇಗದ ಟಿ-84. ಅದರ ಒಂದನೇ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ ಗೇರು, ಆಕ್ಸಲು ಮೂರನ್ನೂ ಗುಣಿಸಿದರೆ ಸುಮಾರು 25.6 ಬರುತ್ತದೆ. ಸೈನಿಕರನ್ನು ಕೆಸರಿನಿಂದ ಎಳೆದು ಹೊರಹಾಕಲು ಅಷ್ಟು ಸಾಕಿತ್ತು.

ಯುದ್ಧ ಮುಗಿಯಿತು. ಇಷ್ಟು ದೊಡ್ಡ ಕಾರ್ಖಾನೆ ಇಟ್ಟುಕೊಂಡು ಏನು ಮಾಡುವುದು? ಓಹಿಯೋ ರಾಜ್ಯದ ಟೊಲೆಡೊದಲ್ಲಿದ್ದ ವಿಲ್ಲೀಸ್ ಕಂಪನಿ ರೈತರ ಕಡೆ ತಿರುಗಿತು. 1945ರಲ್ಲಿ ಬಂದ ಸಿಜೆ-2ಎ ಎಂಬ ನಾಗರಿಕ ಜೀಪನ್ನು ಗಾಡಿ, ಟ್ರಾಕ್ಟರು, ಪಂಪ್‌ಸೆಟ್ಟು ಮೂರೂ ಆಗಬಲ್ಲ ಯಂತ್ರವೆಂದು ಮಾರಿದರು. ನೇಗಿಲು ಎಳೆಯುವ ಗಾಡಿ ನಿಧಾನವಾಗಿ, ಒಂದೇ ಸಮನೆ ಹೋಗಬೇಕಲ್ಲ? ಅದಕ್ಕಾಗಿ ಆಕ್ಸಲಿನ ಅನುಪಾತವನ್ನು 4.88ರಿಂದ 5.38ಕ್ಕೆ ಏರಿಸಿದರು. ಟ್ರಾನ್ಸ್‌ಫರ್ ಕೇಸಿನ ಲೋ ಗೇರನ್ನು ಇನ್ನಷ್ಟು ನಿಧಾನಗೊಳಿಸಿದರು. ಗೇರ್ ಬಾಕ್ಸಿಗೆ ಹೆಚ್ಚು ಗಟ್ಟಿಯಾದ ಟಿ-90 ಬಂತು. ಅದಕ್ಕೂ ಮೂರೇ ವೇಗ.

1953ರಲ್ಲಿ ಬಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ನಮ್ಮಲ್ಲಿ ಎಲ್ಲರೂ ಬಲ್ಲ ಜೀಪು. ಹರಿಕೇನ್ ಎಂಬ ಹೊಸ ಎಂಜಿನ್ನಿನ ತಲೆ ಎತ್ತರವಾಗಿದ್ದರಿಂದ ಬಾನೆಟ್ಟೂ ಎತ್ತರವಾಯಿತು. ಇದರ ಲೆಕ್ಕ ನೋಡಿ. ಒಂದನೇ ಗೇರು 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಗುಣಿಸಿದರೆ 37. ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಚಕ್ರ ತಿರುಗುವುದು 27 ಸುತ್ತು. ಅಂದರೆ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರ್. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವರೂ ಇದಕ್ಕಿಂತ ಬೇಗ ನಡೆಯುತ್ತಾರೆ. ಓಹಿಯೋದ ಸಮತಟ್ಟು ಹೊಲದಲ್ಲಿ ನೇಗಿಲು ಎಳೆಯಲೆಂದು ಆರಿಸಿದ ಈ ಲೆಕ್ಕವೇ ಮುಂದೆ ಕೊಡಚಾದ್ರಿಯನ್ನು ಹತ್ತಿಸಿತು. ಹಾಗೆಂದು ಯೋಜಿಸಿದವರು ಯಾರೂ ಇರಲಿಲ್ಲ.

ಭಾರತಕ್ಕೆ ಜೀಪು ಎರಡು ದಾರಿಯಿಂದ ಬಂತು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ 'ಡಿಸ್ಪೋಸಲ್' ಜೀಪುಗಳು ಒಂದು ಕಡೆಯಿಂದ. ಇನ್ನೊಂದು ಕಡೆ, 1945ರಲ್ಲಿ ಮಹೀಂದ್ರ ಆಂಡ್ ಮಹಮ್ಮದ್ ಎಂದು ಶುರುವಾಗಿ 1948ರಲ್ಲಿ ಮಹೀಂದ್ರ ಆಂಡ್ ಮಹೀಂದ್ರ ಆದ ಕಂಪನಿ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸಿದ ವಿಲ್ಲೀಸ್ ಜೀಪುಗಳು. ಬಹಳ ವರ್ಷ ಇವುಗಳ ಸ್ಟೇರಿಂಗು ಎಡಗಡೆಗೇ ಇತ್ತು. 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಹಿಂದೆ ಬರೆದುಕೊಂಡ ಜೀಪು ಹಳಬರಿಗೆಲ್ಲ ನೆನಪಿರಬಹುದು. ಅಮೆರಿಕದಲ್ಲಿ 1956ರ ಕೊನೆಗೆ ಬಂದ, ಎಂಜಿನ್ನಿನ ಮೇಲೆಯೇ ಚಾಲಕ ಕೂರುವ ಎಫ್‌ಸಿ-150 ಎಂಬ ಮೂತಿಯಿಲ್ಲದ ಪಿಕಪ್ಪನ್ನೂ 1960ರ ದಶಕದಿಂದ ಮಹೀಂದ್ರ ಇಲ್ಲಿ ತಯಾರಿಸಿತು. ಆದರೆ ಮಲೆನಾಡಿನವರು ಹೆಚ್ಚಾಗಿ ಕೊಂಡದ್ದು ಮಾಮೂಲಿ ಜೀಪನ್ನೇ. ಪಿಕಪ್ಪನ್ನು ಊರ ಬಡಗಿಯೂ ವೆಲ್ಡಿಂಗಿನವನೂ ಸೇರಿ ಮಾಡಿಕೊಟ್ಟರು.

ಅಲ್ಲಿಯವರೆಗೆ ಇಲ್ಲಿ ಸಾಗಣೆ ಎಂದರೆ ಎತ್ತಿನ ಗಾಡಿ. 1936ರಲ್ಲಿ ಪ್ರಕಟವಾದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಹುಡುಗರನ್ನು ತೀರ್ಥಹಳ್ಳಿಯಿಂದ ಊರಿಗೆ ಕರೆದೊಯ್ಯಲು ಬರುವುದು ಗಾಡಿಯೇ. ಬಸ್ಸು ಬಂದರೂ ಅದು ಮುಖ್ಯ ರಸ್ತೆಯ ಸಂಗತಿ. ಒಂಟಿ ಮನೆಗಳ ಮಲೆನಾಡಿನಲ್ಲಿ ರಸ್ತೆ ಮುಗಿದ ಮೇಲೆ ಮನೆ ಶುರು. ಹಳ್ಳ ದಾಟಿ, ಗದ್ದೆ ಅಂಚು ಬಳಸಿ, ಕಾನಿನೊಳಗೆ ಏರಬೇಕು. ಮಳೆಗಾಲ ಬಂತೆಂದರೆ ಆಗುಂಬೆ, ಹುಲಿಕಲ್ಲಿನ ಆಸುಪಾಸಿನಲ್ಲಿ ಜಂಬಿಟ್ಟಿಗೆ ಮಣ್ಣಿನ ದಾರಿ ಸಾಬೂನಿನಂತಾಗುತ್ತದೆ. ಇಂಥಲ್ಲಿ ನಡೆದಾಡುವ ವೇಗದಲ್ಲಿ ನಾಲ್ಕೂ ಚಕ್ರದಿಂದ ನೆಲ ಕಚ್ಚಿ ಹತ್ತುವ ಗಾಡಿಗೆ ಬೇರೆ ಎದುರಾಳಿ ಇರಲಿಲ್ಲ.

ಅಣೆಕಟ್ಟುಗಳೂ ಜೀಪಿನ ಅಗತ್ಯವನ್ನು ಹೆಚ್ಚಿಸಿದವು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿನ್ನೀರು ಹರಡಿದಾಗ ಸಾಗರ, ಹೊಸನಗರದ ಎಷ್ಟೋ ಊರುಗಳ ಜೊತೆ ಅವುಗಳ ನಡುವಿನ ದಾರಿಗಳೂ ಮುಳುಗಿದವು. ತುಮರಿ ಕಡೆಯ ಹಳ್ಳಿಗಳಿಗೂ ಸಾಗರ ಪೇಟೆಗೂ ನಡುವೆ ನೀರು ಬಂತು. ಆಚೆ ದಡದವರಿಗೆ ಲಾಂಚು, ಲಾಂಚಿನಿಂದ ಇಳಿದ ಮೇಲೆ ಜೀಪು ಎಂಬುದು ದಶಕಗಳ ಪಾಡಾಯಿತು. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ, ಕಟ್ಟೆ ಕಟ್ಟಿ ಅರವತ್ತೊಂದು ವರ್ಷದ ನಂತರ.

ಈಗ ನನ್ನ ತಿರುವಿನ ಕಥೆಗೆ ಬರೋಣ. ಗೇರು ಬದಲಿಸುವಾಗ ಎರಡು ಹಲ್ಲುಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಒಂದರೊಳಗೊಂದು ಕೂರುತ್ತವೆ. ಇಲ್ಲದಿದ್ದರೆ ಕರಕರ. ಇದಕ್ಕೆ ಪರಿಹಾರವಾಗಿ ಬಂದದ್ದು ಸಿಂಕ್ರೋಮೆಶ್. ಹಲ್ಲು ಕೂಡುವ ಮೊದಲು ಹಿತ್ತಾಳೆಯ ಬಳೆಯೊಂದು ಉಜ್ಜಿ ಎರಡರ ವೇಗವನ್ನೂ ಸರಿಸಮ ಮಾಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರು ಇದನ್ನು ಮೊದಲು ತಂದಿತು. ಜೀಪಿನ ಟಿ-90ರಲ್ಲೂ ಈ ಬಳೆ ಇದೆ. ಆದರೆ ಎರಡು ಮತ್ತು ಮೂರನೇ ಗೇರಿಗೆ ಮಾತ್ರ. ಒಂದನೆಯದಕ್ಕೆ ಇಲ್ಲ.

ಏಕೆ ಇಲ್ಲ? ವಿನ್ಯಾಸ ಮಾಡಿದವರ ಪ್ರಕಾರ ಒಂದನೇ ಗೇರು ನಿಂತ ಗಾಡಿ ಹೊರಡುವುದಕ್ಕೆ. ಓಡುವ ಗಾಡಿಯನ್ನು ಮತ್ತೆ ಒಂದನೇ ಗೇರಿಗೆ ಇಳಿಸುವ ಅಗತ್ಯ ಬೀಳುವುದು ಅಪರೂಪ. ಹೆಚ್ಚಾಗಿ ಬಯಲಿನಲ್ಲಿ ಓಡುವ ಗಾಡಿಗೆ ಈ ಮಾತು ಸರಿ. ಹುಲಿಕಲ್ ಘಾಟಿಯ ತಿರುವಿನಲ್ಲಿ ಮಾತ್ರ ಇದು ತಪ್ಪು. ಅಲ್ಲಿ ಒಂದನೇ ಗೇರು ಬೇಕಾಗುವುದು ಹೊರಡುವಾಗಲ್ಲ, ನಡುದಾರಿಯಲ್ಲಿ. ಎದುರಿನಿಂದ ಲಾರಿ ಬಂದಾಗ, ತಿರುವು ನಿರೀಕ್ಷಿಸಿದ್ದಕ್ಕಿಂತ ಕಡಿದಾಗಿದ್ದಾಗ, ಹಿಂದೆ ಹೊರೆ ಇದ್ದಾಗ. ಟಿ-90ರಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ದೊಡ್ಡ ಕಂದರವೇ ಇದೆ: 2.798ರಿಂದ ಒಮ್ಮೆಗೇ 1.551. ಎರಡರಲ್ಲಿ ಎಳೆಯಲಾರದು, ಒಂದಕ್ಕೆ ಇಳಿಯಗೊಡದು.

ಹಳೆಯ ಚಾಲಕರು ಇದಕ್ಕೆ ಕಂಡುಕೊಂಡದ್ದು 'ಡಬಲ್ ಕ್ಲಚ್'. ಕ್ಲಚ್ ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತರುವುದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಗುರ್ರೆನ್ನಿಸುವುದು, ಮತ್ತೆ ಕ್ಲಚ್ ತುಳಿದು ಒಂದನೆಯದಕ್ಕೆ ಜಾರಿಸುವುದು. ಹಿತ್ತಾಳೆಯ ಬಳೆ ಮಾಡಬೇಕಾದ ಕೆಲಸವನ್ನು ಕಾಲು ಮತ್ತು ಕಿವಿ ಮಾಡುತ್ತವೆ. ಎಷ್ಟು ಗುರ್ರೆನ್ನಿಸಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಇದೆಲ್ಲ ಏರಿನಲ್ಲಿ, ಒಂದೆರಡು ಸೆಕೆಂಡಿನಲ್ಲಿ, ಜೀಪು ಪೂರ್ತಿ ನಿಲ್ಲುವ ಮೊದಲೇ ಆಗಬೇಕು. ತಪ್ಪಿದರೆ ದೊಡ್ಡಪ್ಪನ ಕೈಬ್ರೇಕು.

ಹಾಗಿದ್ದರೆ ಐವತ್ತು, ಅರವತ್ತರ ದಶಕದವರು ಹೇಗೆ ನಿಭಾಯಿಸಿದರು? ಇಲ್ಲೊಂದು ಸ್ವಾರಸ್ಯವಿದೆ. ಲೋ ಗೇರು ಹಾಕಬೇಕಾದರೆ ಮುಂದಿನ ಚಕ್ರಗಳಿಗೂ ಶಕ್ತಿ ಕೊಟ್ಟಿರಲೇಬೇಕು ಎಂಬ ಬೀಗವನ್ನು ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲೇ ಇಟ್ಟಿದ್ದಾರೆ. ಮಣ್ಣುರಸ್ತೆಯಲ್ಲಿ ಇದೇನೂ ತೊಂದರೆಯಲ್ಲ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕಾದಾಗ ಸಡಿಲ ಮಣ್ಣಿನಲ್ಲಿ ಚಕ್ರ ಒಂದಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಹಾಗಾಗಿ ಘಾಟಿ ಬುಡದಲ್ಲೇ ಲೋ ಹಾಕಿಬಿಟ್ಟರೆ ಮೂರು ಗೇರುಗಳ ಒಟ್ಟು ಲೆಕ್ಕ 37, 20, 13 ಎಂದಾಗುತ್ತದೆ. ಏರಿಗೆ ಹೇಳಿಮಾಡಿಸಿದಂತಿದೆ. ಎರಡರಲ್ಲಿ ಹತ್ತಬಹುದು, ಮೂರರಲ್ಲೂ ಹತ್ತಬಹುದು, ಒಂದಕ್ಕೆ ಇಳಿಯಬೇಕಾದ ಪ್ರಸಂಗವೇ ಕಡಿಮೆ.

ಟಾರು ಬಂದ ಮೇಲೆ ಇದು ಕೆಟ್ಟಿತು. ಗಟ್ಟಿ ಟಾರಿನ ಮೇಲೆ ಚಕ್ರ ಜಾರಲಾರದು. ಫೋರ್ ವೀಲ್ ಹಾಕಿಕೊಂಡೇ ಕಡಿದಾದ ತಿರುವು ತಿರುಗಿಸಿದರೆ ಶಾಫ್ಟು, ಜಾಯಿಂಟು ಒಳಗೊಳಗೇ ಹೆಣೆದುಕೊಂಡು ಸ್ಟೇರಿಂಗು ಬಿಗಿಯಾಗುತ್ತದೆ, ಏನಾದರೂ ಮುರಿಯಲೂಬಹುದು. ಆದ್ದರಿಂದ ಟಾರಿನಲ್ಲಿ ಹೈ ಗೇರಿನಲ್ಲೇ ಹೋಗಬೇಕು. ಆಗ ಲೆಕ್ಕ 15, 8, 5. ನಡುವೆ ಏನೂ ಇಲ್ಲ. ರಸ್ತೆ ಒಳ್ಳೆಯದಾದದ್ದರಿಂದಲೇ ಹಳೆಯ ಗೇರ್ ಬಾಕ್ಸು ಕಷ್ಟಕ್ಕೆ ಸಿಕ್ಕಿತು ಎಂದರೆ ನಂಬುವುದು ಕಷ್ಟ. ಆದರೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮೂರು ಗೇರಿನ ಜೀಪು ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೇ ಪೆಟ್ಟು ಕೊಟ್ಟದ್ದು ಎಣ್ಣೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪನ್ನು ಸಾಕುವುದು ಆನೆ ಸಾಕಿದಂತಾಯಿತು. ಎಪ್ಪತ್ತರ ದಶಕದಲ್ಲಿ ಮಹೀಂದ್ರ ಕಂಪನಿ ಇಂಟರ್‌ನ್ಯಾಷನಲ್ ಟ್ರಾಕ್ಟರಿನ ಡೀಸೆಲ್ ಎಂಜಿನ್ನನ್ನೇ ಜೀಪಿಗೆ ಕೂರಿಸಿತು. ಹಳೆಯ ಪೆಟ್ರೋಲ್ ಜೀಪುಗಳಿಗೆ ಗ್ಯಾರೇಜುಗಳಲ್ಲಿ ಕೈಗೆ ಸಿಕ್ಕ ಡೀಸೆಲ್ ಎಂಜಿನ್ ಇಳಿಸಿದವರೂ ಬಹಳ. ಡೀಸೆಲ್ಲಿನ ಗುಣ ಬೇರೆ. ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಆದರೆ ಹೆಚ್ಚು ಸುತ್ತು ತಿರುಗುವುದಿಲ್ಲ. ಸಿಜೆ-3ಬಿಯ ಟಾಪ್ ಗೇರಿನಲ್ಲಿ ಸಾವಿರ ಸುತ್ತಿಗೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ. ಪೆಟ್ರೋಲ್ ಎಂಜಿನ್ನು 3,200 ಸುತ್ತಿನಲ್ಲಿ 80ರ ವೇಗ ಮುಟ್ಟಿದರೆ, 2,500ಕ್ಕೇ ಸುಸ್ತಾಗುವ ಎಂಜಿನ್ನಿನದು 62ಕ್ಕೆ ಮುಗಿಯಿತು. ಸಾಗರದಿಂದ ಶಿವಮೊಗ್ಗದ ಆಸ್ಪತ್ರೆಗೆ ಬಿ.ಎಚ್. ರಸ್ತೆಯಲ್ಲಿ ಹೋಗುವವನಿಗೆ ಅದು ಸಾಲದು.

ಉತ್ತರವಾಗಿ ಬಂದದ್ದು ನಾಲ್ಕು ಗೇರು. 1985ರಲ್ಲಿ ಬಂದ ಎಂಎಂ 540 ಜೀಪಿಗೆ ಪ್ಯೂಜೊ ವಿನ್ಯಾಸದ 2,112 ಸಿಸಿಯ, 62 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು. ಅದರ ಜೊತೆ ಬಂದ ಕೆಎಂಟಿ-90 ಎಂಬ ನಾಲ್ಕು ವೇಗದ ಸಿಂಕ್ರೋಮೆಶ್ ಪೆಟ್ಟಿಗೆ ಇವತ್ತಿಗೂ ಗ್ಯಾರೇಜುಗಳಲ್ಲಿ 'ಕೆಎಂಟಿ' ಎಂದೇ ಪರಿಚಿತ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಾಲ್ಕು ಎಂಬ ಸಂಖ್ಯೆಯಲ್ಲ. ಓಡುತ್ತಿರುವಾಗಲೇ ಒಂದನೇ ಗೇರಿಗೆ ಇಳಿಯಬಹುದು ಎಂಬುದು, ಒಂದಕ್ಕೂ ಟಾಪಿಗೂ ನಡುವೆ ಎರಡು ಮೆಟ್ಟಿಲು ಸಿಕ್ಕಿತು ಎಂಬುದು. ಟಾರು ಹಾಕಿದ ಘಾಟಿ ಕೇಳುತ್ತಿದ್ದದ್ದು ಇದನ್ನೇ. ಐದು ಗೇರಿನವು ಆಮೇಲೆ ಬಂದವು. ಅವುಗಳ ಐದನೆಯದು ಓವರ್‌ಡ್ರೈವ್. ಅಂದರೆ ಎಂಜಿನ್ನಿಗಿಂತ ಪ್ರೊಪೆಲ್ಲರ್ ಶಾಫ್ಟೇ ಬೇಗ ತಿರುಗುತ್ತದೆ. ಅದರ ಅನುಪಾತ 0.85 ಎಂದಿಟ್ಟುಕೊಂಡರೆ ನಮ್ಮ 62ರ ಜೀಪು ಅದೇ ಸುತ್ತಿನಲ್ಲಿ 73 ಮುಟ್ಟುತ್ತದೆ. ಹೆದ್ದಾರಿಗೆ ಚೆನ್ನ. ಕೊಡಚಾದ್ರಿಯಲ್ಲಿ ಐದನೇ ಗೇರು ಜೀಪಿನಲ್ಲಿ ಇದ್ದರೂ ಒಂದೇ, ಮನೆಯಲ್ಲಿ ಬಿಟ್ಟುಬಂದರೂ ಒಂದೇ.

ಹಾಗಾದರೆ ಮಾಡಿನಡಿಯ ಜೀಪಿಗೆ ಯಾವುದು? ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಒಳಗಿರುವ ಎಂಜಿನ್ನು. ಹರಿಕೇನ್ ಪೆಟ್ರೋಲ್ ಎಂಜಿನ್ ಇನ್ನೂ ಇದ್ದರೆ ಟಿ-90 ಉಳಿಸಿಕೊಳ್ಳಿ. ಅದೂ ಇದೂ ಒಂದಕ್ಕೊಂದು ಒಗ್ಗಿದ ಜೋಡಿ. ಹಿತ್ತಾಳೆ ಬಳೆ, ಬೇರಿಂಗು, ಸೀಲು ಹೊಸದು ಹಾಕಿಸಿದರೆ ಅದು ಇನ್ನೊಂದು ತಲೆಮಾರು ಬಾಳೀತು. ಹಾಗೆ ಕಟ್ಟಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರು ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಒಳಗೆ ಸವೆದಿದೆ ಎಂದರ್ಥ. ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಘಾಟಿ ಇಳಿಯುವಾಗ ಜೀಪನ್ನು ಹಿಡಿದಿಡುವುದು ಎಂಜಿನ್ನೇ. ಹಳ್ಳ ದಾಟಿ ನೆನೆದ ಡ್ರಮ್ ಬ್ರೇಕನ್ನು ನಂಬಿ, ಗೇರು ಹಾರಿದ ಜೀಪಿನಲ್ಲಿ ಇಳಿಯುವುದೆಂದರೆ ದೇವರ ಮೇಲೆ ಭಾರ ಹಾಕಿದಂತೆಯೇ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಹೊಸ ಗೇರ್ ಆಯಿಲ್‌ಗಳಲ್ಲಿರುವ ಗಂಧಕದ ಮಿಶ್ರಣ ಹಿತ್ತಾಳೆಯನ್ನು ತಿನ್ನಬಲ್ಲದು. ಆದ್ದರಿಂದ ಟಿ-90ಗೆ ಜಿಎಲ್-4 ದರ್ಜೆಯ ಎಣ್ಣೆಯನ್ನು ಹೇಳುತ್ತಾರೆ. ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಎಣ್ಣೆ ಸದ್ದಿಲ್ಲದೆ ದಾಟಿಹೋಗುವುದು ಈ ಜೋಡಿಯ ಹಳೆಯ ಚಾಳಿ. ಒಂದು ತುಂಬಿ ತುಳುಕುತ್ತಿದ್ದರೆ ಇನ್ನೊಂದು ಒಣಗಿದೆಯೇ ನೋಡಬೇಕು.

ಜೀಪಿಗೆ ಆಗಲೇ ಡೀಸೆಲ್ ಎಂಜಿನ್ ಬಿದ್ದಿದ್ದರೆ ನಾಲ್ಕು ಗೇರಿನದೇ ಸರಿ. ಆದರೆ ಪೆಟ್ಟಿಗೆ ಒಂದನ್ನೇ ತಂದರೆ ಮುಗಿಯುವುದಿಲ್ಲ. ಅದರ ಹಿಂದೆ ಕೂರುವ ಟ್ರಾನ್ಸ್‌ಫರ್ ಕೇಸು, ಮುಂದಿನ ಬೆಲ್ ಹೌಸಿಂಗು, ಕ್ಲಚ್ಚು ಎಲ್ಲ ಹೊಂದಬೇಕು. ಸಿಜೆ-3ಬಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 80 ಅಂಗುಲ ಮಾತ್ರ. ಉದ್ದದ ಪೆಟ್ಟಿಗೆ ಕೂರಿಸಿದರೆ ಹಿಂದಿನ ಶಾಫ್ಟು ಗಿಡ್ಡವಾಗಿ, ಜಾಯಿಂಟು ಓರೆಯಾಗಿ ಬೇಗ ಸವೆಯುತ್ತದೆ. ಉದ್ದ ಚಾಸಿಯ ಪಿಕಪ್ಪಿಗೆ ಈ ತಾಪತ್ರಯ ಕಡಿಮೆ. ಐದು ಗೇರು ಬೇಕೆನ್ನುವವರು ವಾರಕ್ಕೆ ಎಷ್ಟು ಸಲ ಶಿವಮೊಗ್ಗಕ್ಕೆ ಹೋಗುತ್ತೇವೆ, ಎಷ್ಟು ಸಲ ತೋಟಕ್ಕೆ ಇಳಿಯುತ್ತೇವೆ ಎಂದು ಲೆಕ್ಕ ಹಾಕಲಿ. ಟ್ರಾನ್ಸ್‌ಫರ್ ಕೇಸು ತೆಗೆದುಹಾಕಿ ಐದು ಗೇರು ಕೂರಿಸಿದ ಜೀಪುಗಳನ್ನೂ ಕಂಡಿದ್ದೇನೆ. ಹೆಸರಿಗೆ ಜೀಪು ಅಷ್ಟೆ. ಅದು ಕಳೆದುಕೊಂಡದ್ದು ಆ ಹಳೆಯ 37ನ್ನು.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಆರ್‌ಸಿಯಲ್ಲಿ ಎಂಜಿನ್ ನಂಬರು, ಚಾಸಿ ನಂಬರು, ಇಂಧನ ನಮೂದಾಗಿರುತ್ತವೆ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನೊಳಗೆ ಡೀಸೆಲ್ ಎಂಬ ಜೀಪುಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥದ್ದನ್ನು ಕೊಳ್ಳುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಅಪಘಾತವಾದ ಮೇಲೆ ವಿಮೆಯವರು ಮೊದಲು ಬಿಡಿಸಿ ನೋಡುವುದು ಆ ಪುಸ್ತಕವನ್ನೇ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ಅದು ಅನ್ವಯ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಎಂಬ ಗುರುತು. ಅಜ್ಜನ ಜೀಪಿಗೆ ಈ ಗೌರವ ಸಿಗಲಿ ಎಂದು ಹಲವರಿಗೆ ಆಸೆ. ಆದರೆ ಇದರಲ್ಲಿ ಒಂದು ತೊಡಕಿದೆ. ಇಂಥ ವಾಹನವನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ ಇತ್ಯಾದಿಗೆ ಓಡಿಸಬಹುದೇ ಹೊರತು ದಿನನಿತ್ಯದ ಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಅಡಿಕೆ ಮಂಡಿಗೆ ಮೂಟೆ ಹೊರಬೇಕೆಂದಿದ್ದರೆ ವಿಂಟೇಜ್ ಪಟ್ಟ ಬೇಡ. ಪಟ್ಟ ಬೇಕೆಂದಿದ್ದರೆ ಮೂಟೆಗೆ ಬೇರೆ ಗಾಡಿ ನೋಡಬೇಕು. ಎರಡೂ ಬೇಕೆನ್ನುವವರಿಗೆ ನಿಯಮದಲ್ಲಿ ಜಾಗವಿಲ್ಲ.

ಕೊಡಚಾದ್ರಿಗೆ ಹೋದರೆ ಈ ಚರ್ಚೆಯ ಪ್ರಾತ್ಯಕ್ಷಿಕೆಯನ್ನೇ ನೋಡಬಹುದು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳು ಕೊನೆಯ ಕೆಲವು ಕಿಲೋಮೀಟರ್ ಕಲ್ಲು, ಕೊರಕಲು, ಕೆಸರಿನಲ್ಲಿ ತೆವಳುತ್ತವೆ. 2020ರಲ್ಲಿ ಬಂದ ಹೊಸ ಥಾರ್ ಜೀಪಿಗೆ ಆರು ಗೇರು, ಬೇಕೆಂದರೆ ಗೇರು ಹಾಕುವ ಕೆಲಸವೇ ಇಲ್ಲದ ಆಟೊಮ್ಯಾಟಿಕ್. ಆದರೂ ಲೋ ಗೇರಿಗೆ ಬೇರೆ ಕಡ್ಡಿಯನ್ನು ಅದರಲ್ಲೂ ಉಳಿಸಿದ್ದಾರೆ.

ದೊಡ್ಡಪ್ಪನ ಮನೆಯ ಜೀಪು ಪೆಟ್ರೋಲಿನದೇ. ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಿ ಕೊನೆಗೆ ಟಿ-90ಯನ್ನೇ ಬಿಚ್ಚಿ ಕಟ್ಟಿಸಿದರು. ಎರಡನೇ ಗೇರು ಈಗ ಹಾರುವುದಿಲ್ಲ. ಕಳೆದ ಕೊನೆಕೊಯ್ಲಿನಲ್ಲಿ ತೋಟದಿಂದ ಅಂಗಳಕ್ಕೆ ಅಡಿಕೆ ತಂದದ್ದು ಅದೇ. ಆ ತಿರುವಿಗೆ ಬಂದಾಗ ಬುಡದಲ್ಲೇ ಒಂದು ಕ್ಷಣ ನಿಲ್ಲಿಸಿ, ಎರಡು ಸಣ್ಣ ಕಡ್ಡಿಗಳನ್ನು ಎಳೆದು ಲೋ ಹಾಕಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತಿಸಿದೆ. ಮಣ್ಣುರಸ್ತೆ ಇನ್ನೂ ಹಾಗೆಯೇ ಇದೆ. ಕಾಂಕ್ರೀಟ್ ಹಾಕಿಸುವ ಮಾತು ಪಂಚಾಯಿತಿಯಲ್ಲಿ ನಡೆದಿದೆಯಂತೆ.